ಮಗಳಿಗೊಂದು ಪತ್ರ: ತಿರುಗುವ ಅಕ್ಷರಗಳು

ಚಿ. ವಸುಧಾಳಿಗೆ ಅಪ್ಪನ ಆಶೀರ್ವಾದಗಳು.

ಕೆನಡಾದ ವಿನ್ನಿಪೆಗ್‌ನಿಂದ ನೀನು ಕಳಿಸಿದ ಫೋಟೊದಲ್ಲಿದ್ದ ತ್ರಿಕೋನ, ಕೊಕ್ಕೆಗಳ ಬರಹವನ್ನು ನೋಡಿ ನಿನ್ನ ಅಮ್ಮ ರಂಗೋಲಿಯೆಂದೇ ತಿಳಿದಳು. ಅದು ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಲಿಪಿ. ಸಾಕ್ಷರತಾ ಆಂದೋಲನದ ಕಾಲದಲ್ಲಿ ರಾತ್ರಿ ತರಗತಿ ನಡೆಸಿ, ಕೂಲಿ ಮುಗಿಸಿ ಬಂದ ಹೆಂಗಸರ ಕೈಹಿಡಿದು ಅಕ್ಷರ ತಿದ್ದಿಸಿದ ನನಗೆ ಅದರ ಕಥೆಯ ಮೇಲೆ ಮೊದಲಿನಿಂದಲೂ ಮೋಹ.

ಜೇಮ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ 1840ರಲ್ಲಿ ವಿನ್ನಿಪೆಗ್ ಸರೋವರದ ಉತ್ತರ ತುದಿಯ ನಾರ್ವೆ ಹೌಸ್‌ಗೆ ಬಂದರು. ಅವರು ಪ್ರಚಾರಕ್ಕೆ ತಂದ ಲಿಪಿಯಲ್ಲಿ ಮೂಲ ಆಕಾರಗಳು ಒಂಬತ್ತೇ. ಸ್ವರ ಬದಲಾದರೆ ಆಕಾರವನ್ನೇ ತಿರುಗಿಸಿ ಬರೆಯುವುದು. ತೆರೆದ ಕೊಕ್ಕಿನಂಥ ಒಂದೇ ಗುರುತಿನ ಚೂಪು ಕೆಳಮುಖವಾದರೆ ‘ಪೆ’, ಮೇಲ್ಮುಖವಾದರೆ ‘ಪಿ’, ಬಲಕ್ಕಾದರೆ ‘ಪೊ’, ಎಡಕ್ಕಾದರೆ ‘ಪ’. ಇದರಲ್ಲಿ ಪಿಟ್‌ಮನ್ ಶೀಘ್ರಲಿಪಿಯ ಜೊತೆಗೆ ನಮ್ಮ ದೇವನಾಗರಿಯ ನೆರಳನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಕೊಂಬು, ಗುಡಿಸು, ಏತ್ವಗಳ ಮುಂದೆ ನನ್ನ ವಿದ್ಯಾರ್ಥಿಗಳು ತಡವರಿಸಿದ್ದನ್ನು ಕಂಡವನಿಗೆ, ಕಾಗುಣಿತವನ್ನು ಹೀಗೆ ಗಾಳಿಪಟದಂತೆ ತಿರುಗಿಸಿದ ಉಪಾಯ ಕಂಡು ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಇವಾನ್ಸ್ ಚಹಾ ಪೆಟ್ಟಿಗೆಗಳ ಸೀಸದಿಂದ ಅಚ್ಚುಮೊಳೆ ಎರಕ ಹೊಯ್ದು, ಮಸಿಯಲ್ಲಿ ಶಾಯಿ ಮಾಡಿ, ತುಪ್ಪಳದ ಕಟ್ಟುಗಳನ್ನು ಒತ್ತುವ ಯಂತ್ರದಲ್ಲಿ ಸ್ತೋತ್ರಗಳನ್ನು ಮುದ್ರಿಸಿದರು.

ಆದರೆ ಅಲ್ಲಿ ಓದು ಹಬ್ಬಿದ್ದು ಪಾದ್ರಿಗಳ ಪಾಠಶಾಲೆಯಿಂದ ಮಾತ್ರವಲ್ಲ. ಬೇಟೆಯ ಬಿಡಾರಗಳಲ್ಲಿ, ದೋಣಿಯ ದಾರಿಗಳಲ್ಲಿ ಕಲಿತವರು ಕಲಿಯದವರಿಗೆ ಹೇಳಿಕೊಟ್ಟರು. ಭೂರ್ಜ ಮರದ ತೊಗಟೆಯ ಮೇಲೆ ಇದ್ದಿಲಿನಿಂದ ಸಂದೇಶ ಬರೆದಿಟ್ಟು ಮುಂದೆ ಸಾಗಿದರು. ಪಾದ್ರಿಯ ಮುಖವನ್ನೇ ನೋಡದ ಊರುಗಳಿಗೂ ಲಿಪಿ ಅವರಿಗಿಂತ ಮೊದಲೇ ತಲುಪಿತು. ಬಹುಪಾಲು ಕಲಿತವರು ದೊಡ್ಡವರೇ. ಅವರ ಮಾತು ಅವರದೇ ಆಗಿ ಉಳಿದು, ಗುರುತು ಮಾತ್ರ ಹೊಸದಾಗಿದ್ದರಿಂದ ಕಲಿಕೆ ಹಗುರವಾಯಿತೆಂದು ನನ್ನ ಎಣಿಕೆ. ಈ ಲಿಪಿ ಬಂದದ್ದು ಇವಾನ್ಸ್‌ರಿಂದಲ್ಲ, ಕಾಲಿಂಗ್ ಬ್ಯಾಜರ್ ಎಂಬ ತಮ್ಮ ಹಿರಿಯನಿಗೆ ಆತ್ಮಲೋಕದಲ್ಲಿ ದೊರೆತದ್ದೆಂದು ಕ್ರೀ ಜನರಲ್ಲಿ ಹೇಳುವವರಿದ್ದಾರೆ. ಅದನ್ನು ನಕ್ಕು ತಳ್ಳಿಹಾಕಬೇಡ. ತಮ್ಮ ಕೈಯಿಂದ ಕೈಗೆ ದಾಟಿದ್ದನ್ನು ತಮ್ಮದೆನ್ನುವ ಹಕ್ಕು ಅವರಿಗಿದೆ.

ಹೆಸರಿನ ವಿಷಯದಲ್ಲಂತೂ ಅನ್ಯಾಯವೇ ಆಯಿತು. 1862ರ ವೇಳೆಗೆ ಪೂರ್ತಿ ಅಚ್ಚಾದ ಕ್ರೀ ಬೈಬಲ್‌ಗೆ ಒಜಿಬ್ವೆ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದ ಹೆನ್ರಿ ಸ್ಟೈನ್‌ಹೌರ್, ಜಾನ್ ಸಿಂಕ್ಲೇರ್, ಪಾದ್ರಿ ವಿಲಿಯಂ ಮೇಸನ್‌ರ ಪತ್ನಿ ಸೋಫಿಯಾ ದುಡಿದಿದ್ದರೂ ಹೆಸರು ನಿಂತದ್ದು ಮೇಸನ್‌ರದು.

ಇನ್ನೊಂದು ಮಾತನ್ನು ಬರೆಯದಿದ್ದರೆ ಅರ್ಧ ಹೇಳಿದಂತಾಗುತ್ತದೆ. ಅಜ್ಜ ಅಜ್ಜಿಯರಿಗೆ ಅವರ ಭಾಷೆಯಲ್ಲೇ ಓದಿಸಿದ ಚರ್ಚುಗಳು, ಮುಂದೆ ಕೆನಡಾ ಸರ್ಕಾರದೊಂದಿಗೆ ಸೇರಿ ವಸತಿ ಶಾಲೆಗಳನ್ನು ನಡೆಸಿದವು. ಸುಮಾರು 1,50,000 ಮೂಲನಿವಾಸಿ ಮಕ್ಕಳು ಅಲ್ಲಿ ಬಾಲ್ಯ ಕಳೆದರು, ತಾಯ್ನುಡಿಯಾಡಿದ್ದಕ್ಕೆ ಪೆಟ್ಟು ತಿಂದರು. ನಾರ್ವೆ ಹೌಸ್‌ನಲ್ಲೂ ಅಂಥ ಶಾಲೆಯಿತ್ತು. ಇವಾನ್ಸ್‌ರ ಮೆಥಡಿಸ್ಟ್ ಚರ್ಚು ಮುಂದೆ ಸೇರಿಹೋದ ಯುನೈಟೆಡ್ ಚರ್ಚ್ 1986ರಲ್ಲಿ ಮೂಲನಿವಾಸಿಗಳ ಕ್ಷಮೆ ಕೇಳಿತು, 1998ರಲ್ಲಿ ಈ ಶಾಲೆಗಳಿಗಾಗಿ ಮತ್ತೆ ಕೇಳಿತು. ದೊಡ್ಡವರಿಗೆ ಅಕ್ಷರ ಕೊಟ್ಟ ಕೈಯೇ ಮಕ್ಕಳ ಬಾಯಿಂದ ಮಾತು ಕಿತ್ತುಕೊಂಡಿತಲ್ಲ ಎಂದು ನನಗೆ ರಾತ್ರಿ ನಿದ್ದೆ ಬಾರದಿದ್ದದ್ದುಂಟು.

ಅಲ್ಲಿ ಕ್ರೀ ಹಿರಿಯರು ಯಾರಾದರೂ ಪರಿಚಯವಾದರೆ ಈ ಬರಹವನ್ನು ಯಾರಿಂದ ಕಲಿತರೆಂದು ವಿಚಾರಿಸು. ನನ್ನ ಓದಿಗಿಂತ ಅವರ ಮಾತು ದೊಡ್ಡದು. ನಾನು ಕಲಿತದ್ದು ಎರಡೇ ಅಕ್ಷರ. ಪತ್ರದ ಕೊನೆಯಲ್ಲಿ ಎಡಕ್ಕೆ ಮುಖಮಾಡಿದ ತ್ರಿಕೋನ, ಅದರ ಪಕ್ಕ ಎಡಕ್ಕೇ ಚೂಪಾದ ಕೊಕ್ಕು ಬರೆದಿದ್ದೇನೆ. ಅದು ‘ಅಪ’, ಒತ್ತನ್ನು ನೀನೇ ಸೇರಿಸಿಕೊಂಡು ಓದು.

ಇಂತಿ,
ನಿನ್ನ ಅಪ್ಪ