ಅಪ್ಪ ಮತ್ತೆ ನಡೆಯುತ್ತಿದ್ದಾರೆ, ಎಲ್ಲರಿಗೂ ಥ್ಯಾಂಕ್ಸ್

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಪ್ಪನ ಬೆನ್ನುಮೂಳೆಯ ರೇಡಿಯೇಷನ್ ಮುಗಿದಿದೆ. ವಾಕರ್ ಹಿಡಿದು ಬಚ್ಚಲಿಗೆ ತಾವೇ ಹೋಗಿ ಬರುತ್ತಾರೆ. ನಮ್ಮ ಮನೆಗೆ ಇದು ತುಂಬಾ ದೊಡ್ಡ ವಿಷಯ.

ಮೊದಲ ನಮಸ್ಕಾರ ಹನುಮಂತನಗರದ ನಮ್ಮ ಫ್ಯಾಮಿಲಿ ಡಾಕ್ಟರಿಗೆ. ಬೆನ್ನು ನೋವು ಅಂದಾಗ ಮಾತ್ರೆ, ಮುಲಾಮು ಬರೆದು ಕಳಿಸಬಹುದಿತ್ತು. ಅವರು ಕೂರಿಸಿಕೊಂಡು ಕೇಳಿದರು. ಮಲಗಿದರೆ ನೋವು ಜಾಸ್ತಿಯಾ? ಕೆಮ್ಮಿದರೆ? ಎದೆ ಸುತ್ತ ಪಟ್ಟಿ ಬಿಗಿದ ಹಾಗಿದೆಯಾ? ಕಾಲು ಸೋಲುತ್ತಾ? ಮೂತ್ರ ಸರಿಯಾಗಿ ಹೋಗುತ್ತಾ? ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಅವರಿಗೆ ನೆನಪಿತ್ತು. ಪ್ರಾಸ್ಟೇಟ್, ಸ್ತನ, ಶ್ವಾಸಕೋಶದ ಕ್ಯಾನ್ಸರ್‌ಗಳು ಬೆನ್ನುಮೂಳೆಗೆ ಹರಡುವುದು ಹೆಚ್ಚು. ಅಲ್ಲಿ ಗಡ್ಡೆ ಬೆಳೆದೋ ಮೂಳೆ ಕುಸಿದೋ ಬೆನ್ನುಹುರಿಯನ್ನು ಒತ್ತಿದರೆ ಕಾಲಿನ ಶಕ್ತಿಯೇ ಹೋಗಿಬಿಡಬಹುದು. ಒಮ್ಮೆ ಪೂರ್ತಿ ಹೋದರೆ ವಾಪಸ್ ಬರುವುದು ಕಷ್ಟ. "ನಾಳೆ ಅನ್ನಬೇಡಿ, ಈಗಲೇ ಹೊರಡಿ" ಅಂದರು. ಆ ಮಾತಿಂದಲೇ ಅಪ್ಪನ ಕಾಲು ಉಳಿಯಿತು ಅಂತ ನಾನು ನಂಬಿದ್ದೇನೆ.

ಆಸ್ಪತ್ರೆಯ ಡ್ಯೂಟಿ ಡಾಕ್ಟರು ಎಂಆರ್‌ಐ ಆಗುವ ಮುಂಚೆಯೇ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಶುರು ಮಾಡಿದರು, ಹುರಿಯ ಸುತ್ತಲಿನ ಊತ ಇಳಿಯಲಿ ಅಂತ. ನೋವಿದ್ದ ಜಾಗವಷ್ಟೇ ಅಲ್ಲ, ಇಡೀ ಬೆನ್ನುಮೂಳೆ ಸ್ಕ್ಯಾನ್ ಮಾಡಿಸಿದರು. ಅದಕ್ಕೇ ಹುರಿ ಒತ್ತುತ್ತಿದ್ದ ಎರಡನೆಯ ಜಾಗವೂ ಸಿಕ್ಕಿತು. ಆಪರೇಷನ್ ಬೇಡವಾ ಅಂತ ನಾವು ಕೇಳಿದ್ದಕ್ಕೆ ಸರ್ಜನ್ ಬೇಸರ ಮಾಡಿಕೊಳ್ಳಲಿಲ್ಲ. ಒಂದೇ ಕಡೆ ಒತ್ತಡ ಇದ್ದು ದೇಹ ತಡೆಯುವ ಹಾಗಿದ್ದರೆ ಆಪರೇಷನ್, ಆಮೇಲೆ ರೇಡಿಯೇಷನ್. ಅಪ್ಪನಿಗೆ ಎರಡು ಕಡೆ ಇತ್ತು, ಮೂಳೆ ಗಟ್ಟಿಯಾಗಿತ್ತು. ಹಾಗಾಗಿ ರೇಡಿಯೇಷನ್ ಸಾಕು ಅಂತ ಚಿತ್ರ ಬರೆದು ತೋರಿಸಿದರು. 5 ಸಲಕ್ಕೆ ಒಟ್ಟು 20 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಕೊಟ್ಟರು.

ವಾರ್ಡಿನ ಸಿಸ್ಟರ್‌ಗಳಿಗೆ ಎಷ್ಟು ಹೇಳಿದರೂ ಕಡಿಮೆ. ಬೆನ್ನು ತಿರುಚದ ಹಾಗೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸುವುದನ್ನು ಅಮ್ಮನಿಗೂ ಕಲಿಸಿದರು. ಸ್ಟೀರಾಯ್ಡ್‌ನಿಂದ ಶುಗರ್ ಏರಿದಾಗ ರಾತ್ರಿಯೆಲ್ಲ ನಿಗಾ ಇಟ್ಟರು. ಫಿಸಿಯೋ ಮೇಡಂ, ಅಪ್ಪನ ಸಿಟ್ಟನ್ನೂ ಸಹಿಸಿಕೊಂಡಿರಿ. ಪಕ್ಕದ ಮನೆ ಆಂಟಿ, ನಿಮ್ಮ ಗಂಜಿ, ಸಾರು ಇಲ್ಲದಿದ್ದರೆ ಅಮ್ಮ ಊಟವನ್ನೇ ಬಿಡುತ್ತಿದ್ದರು.

ಕ್ಯಾನ್ಸರ್ ಹೋಗಿಲ್ಲ. ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಲೇ ಇದೆ.

ಇನ್ನೊಬ್ಬರಿಗೆ ಥ್ಯಾಂಕ್ಸ್ ಹೇಳಬೇಕು, ಅವರ ಹೆಸರು ಕೇಳಲು ಆಗಲಿಲ್ಲ. ಎಂಆರ್‌ಐ ಕೋಣೆಯ ಹೊರಗೆ ಅಪ್ಪನ ಕಾಲು ನಡುಗುವುದನ್ನು ನೋಡಿ "ಮೊದಲು ನೀವು ಹೋಗಿ" ಅಂತ ತಮ್ಮ ಸರದಿ ಬಿಟ್ಟುಕೊಟ್ಟ ಹಾಸನದ ಕಡೆಯ ಅಣ್ಣ, ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಒಂದು ಮಾತು ತಿಳಿಸಿ. ಅಪ್ಪ ನಿಮ್ಮನ್ನು ಕೇಳುತ್ತಲೇ ಇದ್ದಾರೆ.