ಮಗಳಿಗೊಂದು ಪತ್ರ: ಮಳೆಗಾಲದ ಅಣಬೆ

ಪ್ರೀತಿಯ ಮಗಳೇ,

ಸಕಲೇಶಪುರದ ಹೋಂಸ್ಟೇಗೆ ಹೊರಟ ನಿನ್ನ ಗೆಳೆಯರು ‘ಮ್ಯಾಜಿಕ್ ಮಶ್ರೂಮ್’ ಹುಡುಕುವ ಹುಮ್ಮಸ್ಸಿನಲ್ಲಿದ್ದಾರೆ ಅಂದೆಯಲ್ಲ. ಬರೀ ಬೇಡ ಅಂದರೆ ಕೇಳುವವಳಲ್ಲ ನೀನು. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಅವರು ಹುಡುಕುತ್ತಿರುವುದು ಸೈಲೋಸೈಬಿನ್ ಎಂಬ ಅಮಲಿನ ರಾಸಾಯನಿಕ ಇರುವ ಅಣಬೆ. 1958ರಲ್ಲಿ ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಈ ರಾಸಾಯನಿಕವನ್ನು ಮೆಕ್ಸಿಕೋದ ಅಣಬೆಯಿಂದ ಬೇರ್ಪಡಿಸಿದರು. ಹೊಟ್ಟೆಗೆ ಹೋದ ಮೇಲೆ ಫಾಸ್ಫೇಟ್ ಕಳಚಿಕೊಂಡು ಸೈಲೋಸಿನ್ ಆಗುತ್ತದೆ, ಮಿದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೋನಿನ್ ಕೂರುವ ಜಾಗದಲ್ಲಿ ಹೋಗಿ ಕೂರುತ್ತದೆ. ನಾಲ್ಕಾರು ಗಂಟೆ ಕಣ್ಣು, ಕಿವಿ, ಹೊತ್ತಿನ ಅಂದಾಜು ಎಲ್ಲ ಅಡಿಮೇಲು. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಚಿತ್ರಗಳಲ್ಲಿ ಕಾಣುವ ಬಿಳಿ ಚುಕ್ಕೆಯ ಕೆಂಪು ಅಣಬೆಯದು ಬೇರೆಯೇ ರಾಸಾಯನಿಕ, ಮಸಿಮೋಲ್. ಅದು ಬರ್ಚ್, ಪೈನ್ ಬೇರುಗಳ ಜೊತೆ ಬಾಳುವಂಥದ್ದು. ನಮ್ಮ ಸಿಲ್ವರ್ ಓಕ್ ನೆರಳಲ್ಲಿ ಅದಕ್ಕೇನು ಕೆಲಸ?

ಆದರೆ ಜೀವ ತೆಗೆಯುವುದು ಹೆಚ್ಚಾಗಿ ಅಮಲಲ್ಲ, ಗುರುತು ತಪ್ಪುವುದು. ಹಿಚುಕಿದರೆ ನೀಲಿಯಾಗುತ್ತದೆ, ಅದೇ ಗುರುತು ಅನ್ನುತ್ತಾರೆ. ಬೊಲೀಟ್ ಜಾತಿಯ ಎಷ್ಟೋ ಅಣಬೆಗಳೂ ನೀಲಿಯಾಗುತ್ತವೆ. ಗ್ಯಾಲೆರಿನಾ ಎಂಬ ಪುಟ್ಟ ಕಂದು ಅಣಬೆಯಲ್ಲಿ ಅಮಾಟಾಕ್ಸಿನ್ ಎಂಬ ವಿಷ ಇದೆ. ಕುದಿಸಿದರೂ ಒಣಗಿಸಿದರೂ ಅದು ಹೋಗುವುದಿಲ್ಲ. ಲಿವರ್ ಜೀವಕೋಶಗಳು ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ.

ಇಲ್ಲಿ ಗಡಿಯಾರ ನೋಡಬೇಕು. ತಿಂದ ಒಂದೆರಡು ಗಂಟೆಗೇ ವಾಂತಿಯಾದರೆ ಸಾಮಾನ್ಯವಾಗಿ ಹೊಟ್ಟೆ ಕೆಡಿಸುವ ಅಣಬೆ. ಆರು ಗಂಟೆ ಕಳೆದ ಮೇಲೆ ವಾಂತಿ ಭೇದಿ ಶುರುವಾದರೆ ಲಿವರಿನ ವಿಷ ಎಂದೇ ತಿಳಿಯಬೇಕು. ಮರುದಿನ ನಿಂತೂ ಹೋಗುತ್ತದೆ, ಹುಷಾರಾದೆವು ಅಂದುಕೊಂಡು ಮನೆಗೆ ಹೊರಟುಬಿಡುತ್ತಾರೆ. ಲಿವರ್ ಕೈಕೊಡುವುದು ಆಮೇಲೆ. ಎರಡು ಮೂರು ಜಾತಿ ಬೆರೆಸಿ ತಿಂದಿದ್ದರಂತೂ ಈ ಲೆಕ್ಕವೂ ನಡೆಯದು. ಬೇಗ ವಾಂತಿಯಾಯಿತೆಂದು ನಿರಾಳವಾಗಬೇಡ.

ಯಾರಾದರೂ ತಿಂದೇಬಿಟ್ಟರೆ ಲಕ್ಷಣಕ್ಕೆ ಕಾಯದೆ 108ಕ್ಕೆ ಕರೆ ಮಾಡು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡ. ಉಳಿದ ಅಣಬೆಯನ್ನು, ಬುಡದ ಗೆಡ್ಡೆಯ ಸಮೇತ, ಕಾಗದದ ಕವರಿನಲ್ಲಿ ಹಾಕಿಕೋ; ಪ್ಲಾಸ್ಟಿಕ್‌ನಲ್ಲಿ ಬೆವೆತು ಕೊಳೆಯುತ್ತದೆ. ತಿಂದ ಹೊತ್ತು, ಮೊದಲ ವಾಂತಿಯ ಹೊತ್ತು ಬರೆದಿಡು.

ಸೈಲೋಸೈಬಿನ್ 1985ರ ಮಾದಕವಸ್ತು ತಡೆ ಕಾಯ್ದೆಯ (ಎನ್‌ಡಿಪಿಎಸ್) ಪಟ್ಟಿಯಲ್ಲಿದೆ, ಹುಡುಗರು ಹೆದರಿ ಬಾಯಿಬಿಡದೇ ಇರಬಹುದು. ಡಾಕ್ಟರ ಮುಂದೆ ಮಾತ್ರ ಮುಚ್ಚಿಡಬೇಡಿ. ಜೊಲ್ಲು, ಬೆವರು, ಕಿರಿದಾದ ಕಣ್ಣಪಾಪೆ ಕಂಡರೆ ಅದು ಮಸ್ಕರಿನ್ ಎಂಬ ಇನ್ನೊಂದು ಅಣಬೆ ವಿಷ, ಅದಕ್ಕೆ ಅಟ್ರೋಪಿನ್ ಎಂಬ ಮದ್ದು ಕೊಡುತ್ತಾರೆ. ಅಮಾಟಾಕ್ಸಿನ್ ಎಂಬ ಅನುಮಾನವಿದ್ದರೆ ದಿನಗಟ್ಟಲೆ ಲಿವರ್ ಪರೀಕ್ಷೆ ಮಾಡಬೇಕಾಗುತ್ತದೆ. ಏನು ತಿಂದಿರಿ ಎಂದು ತಿಳಿಯದೆ ಅವರಾದರೂ ಯಾವುದನ್ನು ಶುರುಮಾಡಬೇಕು?

ನಿನ್ನ ಅಪ್ಪ
ಚಿಕ್ಕಮಗಳೂರು