ಒಂದು ಸಲ ಬಂದು ಹೋದರೆ ಸಾಲದು

ಸಂಪಾದಕರೇ,

ನಮ್ಮ ಮೂಡಿಗೆರೆ ಕಡೆ ಯಾವುದಾದರೂ ಮನೆಯ ಜಗಳ ಠಾಣೆ ಮೆಟ್ಟಿಲು ಹತ್ತಿದರೆ ಜೀಪು ಬರುತ್ತದೆ, ಇಲಾಖೆಯವರು ಬರುತ್ತಾರೆ, ಫಾರಂ ತುಂಬುತ್ತಾರೆ, ತಾಯಿ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಮತ್ತೆ ಹೋಗಿ ಹೇಗಿದ್ದೀಯಮ್ಮ, ಮಗು ಸ್ಕೂಲಿಗೆ ಹೋಗ್ತಿದೆಯಾ ಅಂತ ಕೇಳುವ ಒಬ್ಬರು ಬೇಕು.

ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಕಾಫಿ ಕುಯ್ಲು ಶುರುವಾದರೆ ನಮಗೆ ಹಾಜರಿ ಪುಸ್ತಕ ನೋಡಲು ಬೇಜಾರಾಗುತ್ತಿತ್ತು. ಏಳನೇ ಕ್ಲಾಸಿನ ಒಬ್ಬ ಹುಡುಗಿ ವಾರಗಟ್ಟಲೆ ಬರಲಿಲ್ಲ ಅಂತ ತೋಟದ ಲೈನ್ ಮನೆಗೆ, ಅಂದರೆ ಕೂಲಿಯವರ ಸಾಲು ಮನೆಗೆ, ಹೋದೆ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಲೆ ಊದುತ್ತಿದ್ದಳು. ಅಪ್ಪ ಬಿಟ್ಟು ಹೋಗಿದ್ದಾನೆ. ಅಮ್ಮ ಬೆಳಿಗ್ಗೆ ಎಂಟಕ್ಕೇ ತೋಟದಲ್ಲಿರಬೇಕು, ಅಂಗನವಾಡಿ ಬಾಗಿಲು ತೆಗೆಯುವುದು ಅದಾದ ಮೇಲೆ, ಅದೂ ದೂರ. "ಓದು ಬೇಡ ಅಂತ ನಾನೆಲ್ಲಿ ಹೇಳಿದೆ ಟೀಚರ್, ಚಿಕ್ಕೋನನ್ನ ಯಾರ ಹತ್ರ ಬಿಡ್ಲಿ?" ಅಂದರು ಆ ತಾಯಿ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಂಥ ಮನೆಗಳಿಗೆ ಎಲ್ಲರೂ ಥಟ್ಟನೆ ಹೇಳುವ ಪರಿಹಾರ ಒಂದೇ, ಮಕ್ಕಳನ್ನು ಹಾಸ್ಟೆಲ್‌ಗೆ ಹಾಕಿಬಿಡಿ. ಆದರೆ ಮಗುವನ್ನು ಮನೆಯಿಂದ ಬಿಡಿಸಿ ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಅಂತ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ವಿಧವೆಯರ, ಗಂಡ ಬಿಟ್ಟವರ ಮಕ್ಕಳು ಮನೆಯಲ್ಲೇ ಬೆಳೆಯಲಿ ಅಂತ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವೂ ಇದೆ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು, ಬ್ಯಾಂಕ್ ಖಾತೆ ಬೇಕು. ಗಂಡ ಸತ್ತಿದ್ದರೆ ಮರಣ ಪತ್ರವಾದರೂ ಸಿಗುತ್ತದೆ, ಬಿಟ್ಟು ಹೋದವನಿಗೆ ಯಾವ ಪತ್ರ ತರುವುದು? ಆಧಾರ್‌ನಲ್ಲಿ ಇನ್ಯಾವುದೋ ಜಿಲ್ಲೆಯ ವಿಳಾಸ, ನಾಡಕಚೇರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಜೊತೆಗೊಬ್ಬರು ಓಡಾಡದೆ ಆಗುವ ಕೆಲಸವೇ ಅಲ್ಲ ಇದು.

ಇರುವ ಸಿಬ್ಬಂದಿಯನ್ನು ನಾನು ಬೈಯುವುದಿಲ್ಲ. ನಮ್ಮ ರಾಜ್ಯದಲ್ಲಿ ಇಡೀ ತಾಲ್ಲೂಕಿನ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯರಿಗೋ ಮೊಟ್ಟೆ, ತೂಕ, ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಲೆಕ್ಕ ತುಂಬುವುದು, ಮೇಲೆ ಚುನಾವಣೆ ಕೆಲಸ. ಅವರು ಯಾವಾಗ ಹೋಗಿ ಕೂತು ಮಾತಾಡುತ್ತಾರೆ ಹೇಳಿ? ಸಹಾಯವಾಣಿ ಇದೆಯಲ್ಲ ಅನ್ನಬಹುದು. ಮಕ್ಕಳಿಗೆ 1098, ಹೆಂಗಸರಿಗೆ 181, ಹಗಲು ರಾತ್ರಿ ಕರೆ ಮಾಡಬಹುದು ನಿಜ, ಆದರೆ ಕಳಸದ ಕಡೆ ಎಷ್ಟೋ ತೋಟಗಳಲ್ಲಿ ನೆಟ್‌ವರ್ಕ್ ಸಿಗಲ್ಲ, ಸಿಕ್ಕರೂ ಮನೆಯ ಒಂದೇ ಫೋನು ಹೊಡೆಯುವವನ ಜೇಬಿನಲ್ಲೇ ಇರುತ್ತದೆ. ನಾನು ನೋಡಿದ ಹಾಗೆ ಲೈನ್ ಮನೆಗಳಿಗೆ ವಾರ ತಪ್ಪದೆ ಬರುವವರು ಸಂಘದ ಸಾಲದ ಕಂತು ವಸೂಲಿಯವರು ಮಾತ್ರ. ಅವರಲ್ಲಿ ಎಂ.ಎಸ್.ಡಬ್ಲ್ಯು. ಓದಿದ ಹುಡುಗರೂ ಇದ್ದಾರೆ. ಓದಿದ್ದು ಸಮಾಜಕಾರ್ಯ, ಸಿಕ್ಕ ಕೆಲಸ ಇದು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೋಬಳಿಗೊಬ್ಬ ತರಬೇತಿ ಪಡೆದ ಸಮಾಜ ಕಾರ್ಯಕರ್ತರನ್ನು ಕೊಡಿ. ಮನೆಗಳಿಗೆ ಹೋಗುವುದೇ ಅವರ ಕೆಲಸವಾಗಿರಲಿ, ಬೇರೆ ಯಾವ ಸರ್ವೆಗೂ ಕರೆಯಬೇಡಿ. ಕುಡಿತ ಜಾಸ್ತಿಯಾದ ಮನೆ, ಮಗು ಶಾಲೆ ಬಿಟ್ಟ ಮನೆ, ಹುಡುಗಿಗೆ ಹದಿನೆಂಟಾಗುವ ಮೊದಲೇ ಮದುವೆ ಮಾತು ಶುರುವಾದ ಮನೆ ಯಾವುದು ಅಂತ ಊರಿಗೆಲ್ಲ ಗೊತ್ತಿರುತ್ತದೆ, ಅಲ್ವಾ? ಕೇಸಾಗುವ ತನಕ ಯಾಕೆ ಕಾಯಬೇಕು?

ತೋಟದ ಮಾಲೀಕರಿಗೂ ಒಂದು ಮಾತು. ದೊಡ್ಡ ತೋಟಗಳಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಅನ್ನುವ ನಿಯಮ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಬಂದಿತ್ತು. ಸಣ್ಣ ತೋಟಗಳವರು ನಾಲ್ಕೈದು ಜನ ಸೇರಿ ಕುಯ್ಲಿನ ತಿಂಗಳುಗಳಿಗಾದರೂ ಒಂದು ಕೋಣೆ, ಒಬ್ಬ ಆಯಾ ಇಟ್ಟರೆ ಎಷ್ಟೋ ಹುಡುಗಿಯರು ಶಾಲೆಯಲ್ಲಿ ಉಳಿಯುತ್ತಾರೆ.

ಇಲಾಖೆಗಳ ಕೆಲಸದ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಎಷ್ಟು ಕೇಸು ದಾಖಲಾಯಿತು, ಎಷ್ಟು ವಿಲೇವಾರಿಯಾಯಿತು ಅಂತ ಕೇಳುತ್ತಾರೆ. ನಮ್ಮ ಶಾಸಕರು ಮುಂದಿನ ಸಭೆಯಲ್ಲಿ, ಎಷ್ಟು ಮನೆಗಳಿಗೆ ಎರಡನೇ ಸಲ ಹೋಗಿದ್ದೀರಿ ಅಂತಲೂ ಕೇಳಲಿ.

– ನಿವೃತ್ತ ಶಿಕ್ಷಕಿ, ಮೂಡಿಗೆರೆ